ಪದಕಕ್ಕೆ ಮೊದಲು ಪ್ರಬಂಧವನ್ನು ಓದಿ

ದಂಡು ಪ್ರದೇಶದಿಂದ ಕೆ.ಆರ್. ಪುರದವರೆಗಿನ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧನಾ ಮಾರ್ಗದರ್ಶಕರಿಗೆ, ವಿಭಾಗ ಮುಖ್ಯಸ್ಥರಿಗೆ

ಮಾನ್ಯ ಗುರುಗಳೇ,

ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೊ, ಕೆಳಗೆ ನಾಲ್ಕು ಸಾಲು. ಇಂಥವರು ಇಂಥ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಸಲ್ಲಿಸಿದ, ‘ಒಂದು ಅಧ್ಯಯನ’ ಎಂದು ಮುಗಿಯುವ ಹೆಸರಿನ ಮಹಾಪ್ರಬಂಧಕ್ಕೆ ವಿಶ್ವವಿದ್ಯಾಲಯ ಪಿಎಚ್.ಡಿ. ಪದವಿ ನೀಡಿದೆ. ಅಭ್ಯರ್ಥಿಯ ಹೆಸರು ಗೊತ್ತಾಯಿತು, ಗೈಡ್ ಹೆಸರು ಗೊತ್ತಾಯಿತು, ವಿಶ್ವವಿದ್ಯಾಲಯದ ಹೆಸರೂ ಗೊತ್ತಾಯಿತು. ಐದಾರು ವರ್ಷ ಪಟ್ಟು ಹಿಡಿದು ಕೂತು ಆ ಹುಡುಗಿಯೋ ಹುಡುಗನೋ ಕಂಡುಕೊಂಡದ್ದೇನು? ಆ ಒಂದು ವಾಕ್ಯ ಮಾತ್ರ ಇರುವುದಿಲ್ಲ. ಪತ್ರಿಕೆಯವರನ್ನು ದೂರುವಂತಿಲ್ಲ. ಅವರ ಕೈಗೆ ಹೋದ ಒಕ್ಕಣೆಯಲ್ಲೇ ಅದು ಇರುವುದಿಲ್ಲ.

ಈ ಪತ್ರ ಬರೆಯಲು ಆ ಇಲ್ಲದ ವಾಕ್ಯವೇ ಕಾರಣ. ಹಲಸೂರು, ಶಿವಾಜಿನಗರ, ಇಂದಿರಾನಗರ, ಕೆ.ಆರ್. ಪುರದ ಸೀಮೆಯಲ್ಲಿ ನೀವು ಪಾಠ ಹೇಳುತ್ತೀರಿ, ಸಂಶೋಧನೆ ಮಾಡಿಸುತ್ತೀರಿ. ನಿಮ್ಮಲ್ಲಿ ಕೆಲವರು 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಅದು ಒಡೆದು ಮೂರಾದದ್ದನ್ನು ಕಂಡವರು. ಕೆಲವರು 2022ರಲ್ಲಿ ವಿಶ್ವವಿದ್ಯಾಲಯವಾದ ಸೇಂಟ್ ಜೋಸೆಫ್ಸ್‌ನಂಥ ಹಳೆಯ ಸಂಸ್ಥೆಗಳವರು, ಕೆಲವರು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವರು. ಎಲ್ಲರಲ್ಲೂ ನನ್ನ ಕೋರಿಕೆ ಒಂದೇ. ವರ್ಷಕ್ಕೊಮ್ಮೆ ನಿಮ್ಮ ವಿದ್ಯಾರ್ಥಿಗಳ ಪ್ರಬಂಧಗಳನ್ನು ಕೂತು ಓದಿ. ಅವುಗಳಲ್ಲಿ ಮೇಲಾದದ್ದನ್ನು ಆರಿಸಿ. ಅದೇಕೆ ಮೇಲು ಎಂದು ಬರೆಯಿರಿ. ಬರೆದದ್ದನ್ನು ಊರಿಗೆ ಕೇಳಿಸಿ.

ಘಟಿಕೋತ್ಸವದಲ್ಲಿ ಪದಕಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ, ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಪರೀಕ್ಷೆಯ ಅಂಕಕ್ಕೆ ಕೊಡುವಂಥವು. ದಾನಿಗಳು ತಂದೆತಾಯಿಯ ಹೆಸರಿನಲ್ಲಿ ಇಟ್ಟ ದತ್ತಿಯ ಚಿನ್ನ, ಇಂಥ ವಿಷಯದಲ್ಲಿ ಅತಿ ಹೆಚ್ಚು ಅಂಕ ಪಡೆದವರ ಕೊರಳಿಗೆ ಬೀಳುತ್ತದೆ. ಮರುದಿನ ಆ ಮಗು ತಾಯಿಯ ಪಕ್ಕ ನಿಂತ ಚಿತ್ರ ಮುಖಪುಟದಲ್ಲಿ ಬರುತ್ತದೆ. ಬರಲಿ, ಅದು ಆ ಮಗುವಿಗೆ ಸಲ್ಲಬೇಕಾದದ್ದೇ. ಆದರೆ ಅದೇ ಸಭಾಂಗಣದಲ್ಲಿ ಪಿಎಚ್.ಡಿ. ಪಡೆಯುವವರು ಗೌನು ತೊಟ್ಟು ಸಾಲಾಗಿ ಬಂದು, ಪ್ರಮಾಣಪತ್ರ ಹಿಡಿದು, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಅವರ ನಡುವೆ ನಿಜಕ್ಕೂ ಹೊಸದನ್ನು ಕಂಡವರು ಯಾರು, ಇದ್ದದ್ದನ್ನೇ ತಿರುವಿ ಬರೆದವರು ಯಾರು ಎಂಬುದು ನೋಡುವವರಿಗೆ ಗೊತ್ತಾಗುವುದಿಲ್ಲ. ನಿಮಗೆ ಗೊತ್ತಿರುತ್ತದೆ. ನೀವು ಬಾಯಿ ಬಿಡುವುದಿಲ್ಲ.

ಇದೇ ನಗರದ ಒಂದು ಹಳೆಯ ಸಂಗತಿಯನ್ನು ನಿಮ್ಮ ಮುಂದೆ ಇಡುತ್ತೇನೆ. 1950ರ ದಶಕದಲ್ಲಿ ರೊದ್ದಂ ನರಸಿಂಹ ಎಂಬ ತರುಣ ಎಂಜಿನಿಯರಿಂಗ್ ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ತಲೆಮಾರಿನವರಲ್ಲಿ ಒಬ್ಬರು. ಮಗನಿಗೆ ಗುರುವಾಗಿ ಸಿಕ್ಕವರು ಸತೀಶ್ ಧವನ್, ಮುಂದೆ ಇಸ್ರೊದ ಅಧ್ಯಕ್ಷರಾದವರು. ವಿಷಯ ಗಾಳಿಯ ಹರಿವು. ನಯವಾದ ತಗಡಿನ ಮೇಲೆ ಗಾಳಿ ಹರಿದರೆ, ಮೇಲ್ಮೈಗೆ ಅಂಟಿದಂತಿರುವ ತೆಳು ಪದರ ಮೊದಲು ಶಾಂತವಾಗಿ ಸಾಗುತ್ತದೆ. ಮುಂದೆ ಎಲ್ಲೋ ಅದು ಕದಡಿ ಗೊಂದಲವಾಗುತ್ತದೆ. ಈ ಎರಡರ ನಡುವಿನ ಪಟ್ಟಿಯಲ್ಲಿ ಒಂದು ಕ್ಷಣ ಶಾಂತ, ಮರುಕ್ಷಣ ಗೊಂದಲ. ಗೊಂದಲದ ಸಣ್ಣ ಸಣ್ಣ ಮಚ್ಚೆಗಳು ಹುಟ್ಟಿ, ಬೆಳೆದು, ಒಂದರೊಳಗೊಂದು ಸೇರಿಕೊಂಡು ಹೀಗಾಗುತ್ತದೆ ಎಂದು 1951ರಲ್ಲಿ ಅಮೆರಿಕದ ಎಮನ್ಸ್ ಎಂಬ ವಿಜ್ಞಾನಿ ಹೇಳಿದ್ದರು. ಆ ಮಚ್ಚೆಗಳು ಹುಟ್ಟುವುದು ಎಲ್ಲಿ?

ಎಲ್ಲೆಂದರಲ್ಲಿ ಹುಟ್ಟುತ್ತವೆ ಎಂದು ಲೆಕ್ಕ ಹಾಕಿದರೆ, ಪ್ರಯೋಗಾಲಯದ ಗಾಳಿ ಸುರಂಗದಲ್ಲಿ ಅಳೆದ ಅಂಕಿಗಳು ಅದಕ್ಕೆ ಹೊಂದಲಿಲ್ಲ. ನರಸಿಂಹ ಬೇರೆ ದಾರಿಯಲ್ಲಿ ಯೋಚಿಸಿದರು. ಮಚ್ಚೆಗಳು ಹರಿವಿನ ಉದ್ದಕ್ಕೂ ಹುಟ್ಟುವುದಿಲ್ಲ, ಒಂದು ನಿರ್ದಿಷ್ಟ ಜಾಗದ ಸಪೂರ ಪಟ್ಟಿಯಲ್ಲಷ್ಟೇ ಹುಟ್ಟುತ್ತವೆ ಎಂದು ಇಟ್ಟುಕೊಂಡು ಲೆಕ್ಕ ಮಾಡಿದರು. ಅಂಕಿಗಳು ಆ ಸೂತ್ರಕ್ಕೆ ಹೊಂದಿಕೊಂಡವು. 1957ರಲ್ಲಿ ಅದು ಅಮೆರಿಕದ ವೈಮಾನಿಕ ವಿಜ್ಞಾನ ಪತ್ರಿಕೆಯೊಂದರಲ್ಲಿ ಚಿಕ್ಕ ಟಿಪ್ಪಣಿಯಾಗಿ ಅಚ್ಚಾಯಿತು. ಆಗ ಅವರ ಬಳಿ ಪಿಎಚ್.ಡಿ. ಇರಲಿಲ್ಲ, ಅದು ಬಂದದ್ದು 1961ರಲ್ಲಿ, ಕ್ಯಾಲ್ಟೆಕ್‌ನಿಂದ. ವಿದ್ಯಾರ್ಥಿಯಾಗಿದ್ದಾಗ ಬರೆದ ಆ ಸೂತ್ರವನ್ನು ಟರ್ಬೈನ್ ಅಲಗುಗಳ ಮೇಲಿನ ಹರಿವಿನ ಲೆಕ್ಕಕ್ಕೆ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ.

ಇದರಲ್ಲಿ ನಿಮ್ಮ ಗಮನಕ್ಕೆ ತರಬೇಕಾದ ಮಾತೊಂದಿದೆ. ಆ ಟಿಪ್ಪಣಿಯ ಮೇಲೆ ಇರುವುದು ಒಂದೇ ಹೆಸರು, ವಿದ್ಯಾರ್ಥಿಯ ಹೆಸರು. ಪ್ರಯೋಗಾಲಯ ಕಟ್ಟಿದವರು, ವಿಷಯ ಕೊಟ್ಟವರು ಧವನ್. ಇಬ್ಬರೂ ಕೂಡಿ ಮಾಡಿದ ವಿಸ್ತಾರವಾದ ಕೆಲಸ 1958ರಲ್ಲಿ ಬಂದಾಗ ಇಬ್ಬರ ಹೆಸರೂ ಇತ್ತು. ಆದರೆ ಹೊಳಹು ಹುಡುಗನದು ಎಂದಾಗ ಗುರು ಪಕ್ಕಕ್ಕೆ ನಿಂತರು. ಉತ್ತಮ ಸಂಶೋಧನೆಗೆ ಸಲ್ಲಬೇಕಾದ ಮೊದಲ ಗೌರವ ಇದೇ ಎಂದು ನಾನು ನಂಬಿದ್ದೇನೆ. ವಿದ್ಯಾರ್ಥಿ ಬರೆದ ಪ್ರತಿ ಲೇಖನಕ್ಕೂ ಗೈಡ್ ಹೆಸರು ತಾನೇ ತಾನಾಗಿ ಅಂಟಿಕೊಳ್ಳುವ ರೂಢಿ ನಿಮ್ಮ ವಿಭಾಗದಲ್ಲಿದ್ದರೆ, ಪದಕದ ಮಾತಿಗಿಂತ ಮೊದಲು ಅದನ್ನು ಬಿಡಬೇಕು.

ರೊದ್ದಂ ನರಸಿಂಹ ಅವರು 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಎನ್‌ಎಎಲ್ ಎಂದರೆ ನಮ್ಮ ಕೋಡಿಹಳ್ಳಿ, ಮುರುಗೇಶಪಾಳ್ಯ. ಅಲ್ಲಿ ವಿಂಡ್ ಟನಲ್ ರಸ್ತೆ ಎಂದೇ ಒಂದು ರಸ್ತೆ ಇದೆ. ಆಟೊದವರಿಗೆ ಗೊತ್ತು, ಡೆಲಿವರಿ ಹುಡುಗರಿಗೆ ಗೊತ್ತು. ಆ ಹೆಸರಿಗೆ ಕಾರಣವಾದ ಗಾಳಿ ಸುರಂಗ 1967ರಿಂದ ಕೆಲಸ ಮಾಡುತ್ತಿದೆ. ದೇಶದ ರಾಕೆಟ್ಟು, ವಿಮಾನಗಳ ಮಾದರಿಗಳನ್ನು ಅದರೊಳಗಿಟ್ಟು ಪರೀಕ್ಷಿಸಿದ್ದಾರೆ. ಒಂದಿಷ್ಟು ದೂರದ ಸಿ.ವಿ. ರಾಮನ್ ನಗರದಲ್ಲಿ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಇದೆ. ವಿಂಡ್ ಟನಲ್ ರಸ್ತೆಯ ಎರಡೂ ಬದಿಯ ಮನೆಗಳಲ್ಲಿ ಬಿಎಸ್ಸಿ, ಎಂಎಸ್ಸಿ ಓದುವ ಮಕ್ಕಳಿದ್ದಾರೆ. ನಮ್ಮೂರಿನ ಹುಡುಗನೊಬ್ಬ ವಿದ್ಯಾರ್ಥಿಯಾಗಿದ್ದಾಗಲೇ ಗಾಳಿಯ ಬಗ್ಗೆ ಇಂಥದ್ದೊಂದು ಸಂಗತಿ ಕಂಡುಹಿಡಿದಿದ್ದ ಎಂದು ಅವರಿಗೆ ಯಾರು ಹೇಳಿದ್ದಾರೆ?

ಗೌರವ ಸಿಗದೇ ಹೋದ ಕತೆಯೂ ಈ ನಗರದ್ದೇ. ಅಣ್ಣಾ ಮಣಿ ಎಂಬ ತರುಣಿ 1940ರಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ವಜ್ರ ಮತ್ತು ಮಾಣಿಕ್ಯದ ಹರಳುಗಳ ಮೇಲೆ ಬೆಳಕು ಹಾಯಿಸಿ ಅವು ಹೊಮ್ಮಿಸುವ ಬೆಳಕನ್ನು ಫೋಟೊ ತಗಡಿನ ಮೇಲೆ ಹಿಡಿಯುವ ಕೆಲಸ. ಆ ಬೆಳಕು ಎಷ್ಟು ಕ್ಷೀಣವೆಂದರೆ ಒಂದು ಚಿತ್ರ ಮೂಡಲು ಹದಿನೈದು, ಇಪ್ಪತ್ತು ಗಂಟೆ ತಗಡನ್ನು ತೆರೆದಿಡಬೇಕಿತ್ತು. ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು. ಐದು ಲೇಖನಗಳನ್ನು ಒಬ್ಬರೇ ಬರೆದು ಪ್ರಕಟಿಸಿದರು. 1945ರಲ್ಲಿ ಮಹಾಪ್ರಬಂಧವನ್ನು ಮದ್ರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಎಂಎಸ್ಸಿ ಪದವಿ ಇಲ್ಲ, ಆದ್ದರಿಂದ ಪಿಎಚ್.ಡಿ. ಇಲ್ಲ ಎಂಬ ಉತ್ತರ ಬಂತು. ಕೈಯಲ್ಲಿ ಆನರ್ಸ್ ಪದವಿ ಇತ್ತು, ಮುಂದೆ ಐದು ಪ್ರಕಟಿತ ಲೇಖನಗಳಿದ್ದವು. ನಿಯಮ ಅವುಗಳನ್ನು ನೋಡಲಿಲ್ಲ. ಅಣ್ಣಾ ಮಣಿ ಹವಾಮಾನ ಇಲಾಖೆ ಸೇರಿ, ದೇಶದಲ್ಲಿ ಬಿಸಿಲು, ಗಾಳಿ ಅಳೆಯುವ ಉಪಕರಣಗಳಿಗೆ ಅಡಿಪಾಯ ಹಾಕಿ, ಉಪ ಮಹಾನಿರ್ದೇಶಕರಾಗಿ ನಿವೃತ್ತರಾದರು. ಅವರ ಪ್ರಬಂಧದ ಪ್ರತಿ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರರ ಪ್ರಬಂಧಗಳ ಜೊತೆಗೆ, ಅವುಗಳಂತೆಯೇ ಬೈಂಡ್ ಆಗಿ ಉಳಿದಿದೆ. ಇವತ್ತಿಗೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ವಿಜ್ಞಾನದ ಮಾತಾಯಿತು. ಕನ್ನಡ ವಿಭಾಗದ ಗುರುಗಳಿಗೆ ಎಂ. ಚಿದಾನಂದಮೂರ್ತಿಯವರ ಹೆಸರನ್ನು ನಾನು ನೆನಪಿಸಬೇಕಿಲ್ಲ. 1966ರಲ್ಲಿ ಪುಸ್ತಕವಾಗಿ ಬಂದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಅವರ ಪಿಎಚ್.ಡಿ. ಪ್ರಬಂಧ. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಇಟ್ಟುಕೊಂಡು ವೀರಗಲ್ಲು, ಮಹಾಸತಿ, ಒಡೆಯನಿಗಾಗಿ ಪ್ರಾಣ ಕೊಟ್ಟ ಗರುಡರು, ಅಗ್ರಹಾರ, ಘಟಿಕಾಸ್ಥಾನಗಳ ಲೋಕವನ್ನು ಅವರು ಎತ್ತಿ ತೋರಿಸಿದರು. ರಾಜರ ವಂಶಾವಳಿಗಾಗಿ ಓದುತ್ತಿದ್ದ ಕಲ್ಲುಗಳನ್ನು ಸಾಮಾನ್ಯರ ಬಾಳಿಗಾಗಿ ಓದಬಹುದು ಎಂದು ಕನ್ನಡಿಗರಿಗೆ ಕಲಿಸಿದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿಯ ಪ್ರಬಂಧ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಮೊದಲ ಪುಸ್ತಕ, ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬಗಳನ್ನು ಕುರಿತದ್ದು, 1942ರಲ್ಲಿ ಬಂತು. ಅದು ಬೊಂಬಾಯಿಯಲ್ಲಿ ಅವರು ಎಂ.ಎ. ಪದವಿಗಾಗಿ ಬರೆದ ಪ್ರಬಂಧ. ಎಂ.ಎ. ವಿದ್ಯಾರ್ಥಿ ಏನು ತಾನೇ ಬರೆದಾನು ಎಂದು ಡಿಸರ್ಟೇಶನ್‌ಗಳನ್ನು ಕಪಾಟಿಗೆ ತುಂಬುವ ಮುನ್ನ ಇದು ನೆನಪಿರಲಿ.

ನಮ್ಮ ಈ ಪೂರ್ವ ಭಾಗದಲ್ಲಿ ಸಂಶೋಧನೆಗೆ ಏನು ಕಡಿಮೆ? ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯಕ್ಕೆ ಹೋಗಿ. ಅಲ್ಲಿನ ತಮಿಳು ಶಾಸನಗಳು ಊರನ್ನು ತೊಂಬಲೂರು ಎನ್ನುತ್ತವೆ, ದೇಸಿಮಾಣಿಕ್ಕಪಟ್ಟಣ ಎಂದೂ ಕರೆಯುತ್ತವೆ. ಬಿ.ಎಲ್. ರೈಸ್ 1905ರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಅವುಗಳನ್ನು ಅಚ್ಚು ಮಾಡಿಸಿದರು. 1809ರಲ್ಲಿ ಹಲಸೂರಿನ ಪಕ್ಕ ದಂಡು ಬಂದು ಇಳಿದ ಮೇಲೆ ಯಾರು ಯಾರು ಎಲ್ಲಿಂದ ಬಂದರು, ಯಾವ ಕಸುಬು ತಂದರು? ಶಿವಾಜಿನಗರದ ಗಲ್ಲಿಗಳ ದಖ್ಖನಿ, ಹಲಸೂರಿನ ತಮಿಳು, ಕೆ.ಆರ್. ಪುರದ ಕೆರೆಯಂಗಳದ ಕನ್ನಡ ಒಂದಕ್ಕೊಂದು ಏನು ಕೊಟ್ಟು ತೆಗೆದುಕೊಂಡಿವೆ? 1898ರ ಪ್ಲೇಗು ದಂಡಿನ ಬೀದಿಗಳನ್ನು ಹೇಗೆ ಬದಲಿಸಿ ಫ್ರೇಜರ್ ಟೌನಿನಂಥ ಬಡಾವಣೆಗಳಿಗೆ ದಾರಿ ಮಾಡಿತು? 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಸುತ್ತ ದೂರವಾಣಿನಗರದ ಸಂಸಾರಗಳು ಹೇಗೆ ಕಟ್ಟಿಕೊಂಡವು, ಫೋನ್ ತಯಾರಿಸುತ್ತಿದ್ದ ಆ ಕಾರ್ಖಾನೆ ಸೊರಗಿದಾಗ ಅವು ಏನಾದವು? ಬೆಳ್ಳಂದೂರು ಕೆರೆಯ ನೊರೆಯಲ್ಲಿ ಏನೇನಿದೆ? ಒಂದೊಂದೂ ಪ್ರಬಂಧಕ್ಕೆ ಸಾಲುವ ವಿಷಯ. ಈ ದಾರಿಯಲ್ಲಿ ಹೊರಟ ವಿದ್ಯಾರ್ಥಿಗಳು ನಿಮ್ಮ ವಿಭಾಗಗಳಲ್ಲೇ ಇದ್ದಾರೆ.

ಅವರ ಬದುಕು ಹೇಗಿದೆ ಎಂಬುದನ್ನೂ ನೀವು ಬಲ್ಲಿರಿ. ನೆಟ್ ಜೊತೆ ಜೆಆರ್‌ಎಫ್ ದಕ್ಕಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ದಕ್ಕದವರು ಬೆಳಿಗ್ಗೆ ಒಂದು ಕಾಲೇಜಿನಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ, ಸಂಜೆ ಮೆಟ್ರೊ ಹತ್ತಿ ಮನೆ ಸೇರಿ, ಮನೆಯವರು ಮಲಗಿದ ಮೇಲೆ ಅಧ್ಯಾಯ ಬರೆಯುತ್ತಾರೆ. ಕೋರ್ಸ್‌ವರ್ಕ್, ಪ್ರಗತಿ ವರದಿ, ಸಿನಾಪ್ಸಿಸ್, ಕೃತಿಚೌರ್ಯದ ಶೇಕಡಾವಾರು ಪ್ರಮಾಣಪತ್ರ, ಎಲ್ಲ ಮುಗಿದು ವೈವಾ ದಿನ ಬರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಅತಿಥಿಗಳಿಗೆ ಊಟ. ಹೊರಗಿನಿಂದ ಬಂದ ಪರೀಕ್ಷಕರು ಎರಡು ಮೂರು ಪ್ರಶ್ನೆ ಕೇಳುತ್ತಾರೆ. ಕೋಣೆಯ ಹಿಂದಿನ ಸಾಲಿನಲ್ಲಿ ಕೂತ ಅಪ್ಪ ಅಮ್ಮನಿಗೆ ಮಗಳು ಏನು ಹೇಳುತ್ತಿದ್ದಾಳೆ ಎಂಬುದು ತಿಳಿಯುವುದಿಲ್ಲ, ಏಕೆಂದರೆ ಕನ್ನಡ ವಿಭಾಗ ಬಿಟ್ಟರೆ ಬೇರೆಡೆ ಅದು ಅವರ ಭಾಷೆಯಲ್ಲಿರುವುದಿಲ್ಲ. ಮಾರನೆಯ ದಿನದಿಂದ ಪ್ರಬಂಧ ಕಪಾಟು ಸೇರುತ್ತದೆ.

ಪ್ರಬಂಧಗಳ ಅಂತರಜಾಲ ಸಂಗ್ರಹವಾದ ಶೋಧಗಂಗಾದಲ್ಲಿ ಹಾಕುತ್ತೇವಲ್ಲ ಎನ್ನಬೇಡಿ. ಹಾಕುವುದು ಒಳ್ಳೆಯದೇ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಅಥವಾ ಹಾಳೆ ಸ್ಕ್ಯಾನ್ ಮಾಡಿ ಏರಿಸಿದ ಕನ್ನಡ ಪ್ರಬಂಧದೊಳಗೆ ‘ಹಲಸೂರು’ ಎಂದು ಹುಡುಕಿ ನೋಡಿ, ಏನೂ ಸಿಗುವುದಿಲ್ಲ. ಕಂಪ್ಯೂಟರಿಗೆ ಅದು ಅಕ್ಷರವಾಗಿ ಕಾಣುವುದೇ ಇಲ್ಲ. ಯೂನಿಕೋಡ್‌ನಲ್ಲಿ ಸಲ್ಲಿಸಬೇಕು ಎಂಬ ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ನಿಮ್ಮ ವಿದ್ಯಾರ್ಥಿಗಳ ಕೆಲಸ ನಾಡಿನ ಯಾವ ಮೂಲೆಯವರಿಗೂ ಸಿಗುತ್ತದೆ. ಇದಕ್ಕೆ ಹಣ ಬೇಡ, ಸಮಿತಿ ಬೇಡ.

ಇನ್ನು ಆಯ್ಕೆಯ ಮಾತು. ಪ್ರಶಸ್ತಿ ಇಟ್ಟರೆ ಜಾತಿ ಬರುತ್ತದೆ, ಗುಂಪು ಬರುತ್ತದೆ, ವಶೀಲಿ ಬರುತ್ತದೆ, ಆದ್ದರಿಂದ ಇಡದಿರುವುದೇ ಲೇಸು ಎಂದು ನಿಮ್ಮಲ್ಲಿ ಕೆಲವರು ಬೇಸತ್ತು ಹೇಳುವುದನ್ನು ಕೇಳಿದ್ದೇನೆ. ಆ ಬೇಸರಕ್ಕೆ ಕಾರಣವಿದೆ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಔಷಧಿಯೂ ನಿಮ್ಮ ಕಚೇರಿಯಲ್ಲೇ ಇದೆ. ಪ್ರತಿ ಪ್ರಬಂಧದ ಮೇಲೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಬರೆದ ವರದಿ ಇದ್ದೇ ಇರುತ್ತದೆ. ಅವುಗಳನ್ನು ತೆಗೆಸಿ ಓದಿ. ಯಾವುದನ್ನು ಪರೀಕ್ಷಕರು ಮನಸಾರೆ ಮೆಚ್ಚಿ ಬರೆದಿದ್ದಾರೆ, ಯಾವುದಕ್ಕೆ ವಾಡಿಕೆಯ ನಾಲ್ಕು ಮಾತು ಹಾಕಿ ಸಹಿ ಮಾಡಿದ್ದಾರೆ ಎಂಬುದು ಎರಡನೆಯ ಪುಟಕ್ಕೇ ತಿಳಿಯುತ್ತದೆ. ಆಮೇಲೆ ಆರಿಸಿದ ಪ್ರಬಂಧಕ್ಕೆ ಕಾರಣ ಬರೆದು, ಆರಿಸಿದವರು ಹೆಸರು ಹಾಕಿ, ನೋಟಿಸ್ ಬೋರ್ಡಿಗೆ ಅಂಟಿಸಿ. ಇದು ಮೊದಲ ಬಾರಿಗೆ ಇಂಥದ್ದನ್ನು ತೋರಿಸಿತು, ಇಂಥ ಹಳೆಯ ನಂಬಿಕೆ ತಪ್ಪೆಂದು ಇಂಥ ಆಧಾರದಿಂದ ಹೇಳಿತು ಎಂದು ಸ್ಪಷ್ಟವಾಗಿ ಬರೆಯಬೇಕಾಗಿ ಬಂದಾಗ, ವಶೀಲಿಯ ಪ್ರಬಂಧಕ್ಕೆ ಬರೆಯಲು ವಾಕ್ಯವೇ ಸಿಗುವುದಿಲ್ಲ. ಲೇಖನಗಳ ಸಂಖ್ಯೆ ಎಣಿಸಿ ಆರಿಸುವ ಸುಲಭ ದಾರಿ ಹಿಡಿಯಬೇಡಿ. ಹಣ ತೆತ್ತರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳ ಹಾವಳಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಲೇಬೇಕೆಂಬ ಷರತ್ತನ್ನು ಯುಜಿಸಿಯೇ 2022ರ ನಿಯಮಗಳಲ್ಲಿ ಕೈಬಿಟ್ಟಿದೆ.

ಯುಜಿಸಿ 2024ರಲ್ಲಿ ಇನ್ನೊಂದು ಯೋಜನೆಯನ್ನೂ ಪ್ರಕಟಿಸಿತು. ವಿಜ್ಞಾನ, ಎಂಜಿನಿಯರಿಂಗ್, ಸಮಾಜವಿಜ್ಞಾನ, ಭಾರತೀಯ ಭಾಷೆಗಳು, ವಾಣಿಜ್ಯ ಮತ್ತು ನಿರ್ವಹಣೆ, ಈ ಐದು ವಿಭಾಗಗಳಲ್ಲಿ ಎರಡೆರಡರಂತೆ ದೇಶದ ಹತ್ತು ಉತ್ತಮ ಪಿಎಚ್.ಡಿ. ಪ್ರಬಂಧಗಳಿಗೆ ಶಿಕ್ಷಕರ ದಿನದಂದು ಪ್ರಶಂಸಾಪತ್ರ. ಒಂದು ವಿಶ್ವವಿದ್ಯಾಲಯ ವಿಭಾಗಕ್ಕೊಂದರಂತೆ ಐದು ಪ್ರಬಂಧಗಳ ಹೆಸರು ಕಳಿಸಬಹುದು. ಭಾರತೀಯ ಭಾಷೆಗಳಿಗೆ ಪ್ರತ್ಯೇಕ ಸ್ಥಾನ ಇರುವುದು ಕನ್ನಡಕ್ಕೆ ಸಿಕ್ಕ ಅವಕಾಶ. ಇದನ್ನು ಹಿಡಿದುಕೊಳ್ಳಬೇಕಾದರೆ ಮೊದಲು ನಮ್ಮ ಮನೆಯಲ್ಲಿ ಯಾವುದು ಉತ್ತಮ ಎಂದು ನಮಗೆ ತಿಳಿದಿರಬೇಕು.

ಆರಿಸಿದ ಮೇಲೆ ಪದಕ ಕೊಡಿ, ಕೈಲಾದಷ್ಟು ಹಣವನ್ನೂ ಕೊಡಿ, ಬರಿಗೈಯಲ್ಲಿ ಕಳಿಸಬೇಡಿ. ಅದರ ಜೊತೆಗೆ ಆ ವಿದ್ಯಾರ್ಥಿಯಿಂದ ಕನ್ನಡದಲ್ಲಿ ಹತ್ತು ಪುಟದ ಸಾರಾಂಶ ಬರೆಸಿ. ವಿಷಯ ರಸಾಯನವಿಜ್ಞಾನವಾಗಲಿ, ಉರ್ದು ಸಾಹಿತ್ಯವಾಗಲಿ, ವಾಣಿಜ್ಯವಾಗಲಿ. ಅದರ ಪ್ರತಿಯನ್ನು ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಿ. ಮತ್ತೆ, ಯಾವ ಜಾಗದ ಬಗ್ಗೆ ಆ ಸಂಶೋಧನೆ ನಡೆಯಿತೋ ಆ ಜಾಗದವರ ಮುಂದೆ ಅವರಿಂದ ಒಂದು ಗಂಟೆ ಮಾತನಾಡಿಸಿ. ದೊಮ್ಮಲೂರಿನ ಶಾಸನದ ಮೇಲೆ ಕೆಲಸ ಮಾಡಿದವಳು ದೊಮ್ಮಲೂರಿನಲ್ಲಿ ಮಾತನಾಡಲಿ. ಶಿವಾಜಿನಗರದ ಕಸುಬುದಾರರನ್ನು ಮಾತನಾಡಿಸಿ ಬರೆದವನು ಅದೇ ಕಸುಬುದಾರರ ಮುಂದೆ, ಅಂಗಡಿ ಮುಚ್ಚುವ ದಿನ ನೋಡಿಕೊಂಡು, ನಿಮ್ಮಿಂದ ಕೇಳಿದ್ದರಲ್ಲಿ ನಾನು ಕಂಡದ್ದು ಇದು ಎಂದು ಹೇಳಲಿ. ತಪ್ಪಿದ್ದರೆ ಅವರು ತಿದ್ದುತ್ತಾರೆ. ಯಾವ ಪರೀಕ್ಷಕರೂ ಕೇಳದ ಪ್ರಶ್ನೆ ಅಲ್ಲಿ ಬರುತ್ತದೆ. ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದ ರಂಗೋಲಿ ಕಲಾ ಕೇಂದ್ರದಂಥ ಜಾಗಗಳು ಊರ ನಡುವೆಯೇ ಇವೆ, ಶಾಲೆಗಳ ಸಭಾಂಗಣಗಳಿವೆ. ಜಾಗಕ್ಕೆ ಬರವಿಲ್ಲ.

ಮುಂದಿನ ಘಟಿಕೋತ್ಸವದ ಆಹ್ವಾನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ನಿಮ್ಮ ವಿಭಾಗದಲ್ಲಿ ಒಂದು ಸಭೆ ಕರೆಯಿರಿ. ಕಳೆದ ವರ್ಷ ಬಂದ ಪ್ರಬಂಧಗಳನ್ನು ಮೇಜಿನ ಮೇಲೆ ಇಡಿಸಿ, ಓದಲು ಹಂಚಿಕೊಳ್ಳಿ. ಆರಿಸಿದ ಹೆಸರನ್ನೂ ಆರಿಸಿದ ಕಾರಣವನ್ನೂ ಆಹ್ವಾನಪತ್ರಿಕೆಯಲ್ಲೇ ಅಚ್ಚು ಮಾಡಿಸಿ. ಭಾಷಣ ಯಾವ ಊರಿನಲ್ಲಿ, ಯಾವ ದಿನ ಎಂದು ತಿಳಿಸಿದರೆ ಕೇಳಲು ನಾವು ಬರುತ್ತೇವೆ.

ಇಂತಿ ನಮಸ್ಕಾರಗಳು,
ಹಲಸೂರಿನ ಒಬ್ಬ ಓದುಗ